ಬೇಗ ಹೂಂ ಅನ್ನುವವರ ಸಾಲ

ಕಲಬುರಗಿ

ಚಿ. ಸೌ. ಭಾಗ್ಯಶ್ರೀಗೆ ಕಾಕಾನ ಆಶೀರ್ವಾದಗಳು.

ಸೇಡಂ ರಸ್ತೆ ಕಡೆ ಮನೆ ನೋಡಿದ್ದೀರಿ, ಸಾಲ ಎಲ್ಲಿ ಎತ್ತಬೇಕು ಅಂತ ಕೇಳಿದ್ದೀ. ಬಡ್ಡಿ ಯಾರಲ್ಲಿ ಕಡಿಮೆ ಅನ್ನುವುದು ಎರಡನೇ ಮಾತು. ನಿನ್ನ ಕಾಗದಪತ್ರವನ್ನು ಯಾರು ಎಷ್ಟು ಕೆದಕಿ ನೋಡುತ್ತಾರೆ ಅನ್ನುವುದು ಮೊದಲನೆಯದು. "ಎಲ್ಲಾ ಆಗ್ತದ್ರಿ ಮೇಡಂ, ಸಹಿ ಮಾಡ್ರಿ ಸಾಕು" ಅನ್ನುವವನ ಹತ್ತಿರ ಕೂಡಲೇಬೇಡ.

ನಮ್ಮೂರಲ್ಲಿ ಇದಕ್ಕೆ ಕಾರಣ ಇದೆ. ರಿಂಗ್ ರೋಡ್ ದಾಟಿದರೆ ಎನ್‌ಎ ಆಗದ, ಅಂದರೆ ಕೃಷಿಯೇತರ ಬಳಕೆಗೆ ಪರಿವರ್ತನೆಯಾಗದ ಹೊಲವನ್ನೇ ಗುಂಟೆ ಲೆಕ್ಕದಲ್ಲಿ ಪ್ಲಾಟು ಮಾಡಿ ಮಾರಿದವರು ಬೇಕಾದಷ್ಟು ಜನ. ಅಂಥ ಜಾಗಕ್ಕೆ ಬ್ಯಾಂಕಿನ ಪ್ಯಾನಲ್ ವಕೀಲರು ತಕರಾರು ತೆಗೆದರೆ, ಜನ ಬ್ಯಾಂಕಿಗೇ ಬೈದು, ಎರಡು ಮೂರು ಪರ್ಸೆಂಟ್ ಹೆಚ್ಚು ಬಡ್ಡಿಗೆ ಬೇರೆ ಕಡೆ ಸಾಲ ತೆಗೆಯುತ್ತಾರೆ. ತಕರಾರು ಹಾಗೇ ಉಳಿದಿರುತ್ತದೆ. ನಾಳೆ ಮನೆ ಮಾರಲು ಹೋದಾಗ ಕೊಳ್ಳುವವರ ಬ್ಯಾಂಕು ಅದನ್ನೇ ಎತ್ತುತ್ತದೆ. ಡಿಸಿ ಕಚೇರಿಯ ಎನ್‌ಎ ಆದೇಶ, ನಗರಾಭಿವೃದ್ಧಿ ಪ್ರಾಧಿಕಾರದ ಲೇಔಟ್ ಮಂಜೂರಾತಿ, ಪಾಲಿಕೆಯ ಇ-ಖಾತಾ, 30 ವರ್ಷದ ಇಸಿ (ಆಸ್ತಿಯ ಮೇಲಿನ ವಹಿವಾಟು, ಸಾಲಗಳ ದಾಖಲೆ), ಹಿಂದಿನ ಎಲ್ಲ ಸೇಲ್‌ಡೀಡು, ಕಟ್ಟಡದ ಪರವಾನಗಿ, ಇಷ್ಟನ್ನೂ ಕೇಳದ, ಸಾಲ ಕೊಡುವ ಸಂಸ್ಥೆ ನಿನ್ನ ಮೇಲೆ ಉಪಕಾರ ಮಾಡುತ್ತಿಲ್ಲ. ಮನೆ ಪಂಚಾಯ್ತಿ ಹದ್ದಿನಲ್ಲಿದ್ದರೆ ಪಂಚಾಯ್ತಿಯ ಆಸ್ತಿ ದಾಖಲೆಯಾದ ಇ-ಸ್ವತ್ತಿನ ಫಾರ್ಮ್ 9, 11ಎ ಇರಬೇಕು. ನಿಯಮಕ್ಕೆ ಹೊರತಾದ ಆಸ್ತಿಗೆ ಕೊಡುವ ಫಾರ್ಮ್ 11ಬಿ ಅಥವಾ ಬಿ ಖಾತಾ ತೋರಿಸಿದರೆ ಅಲ್ಲೇ ನಿಲ್ಲು, ಮುಂಗಡ ಕೊಡಬೇಡ. ವಕೀಲರ ಫೀಸು ನೀನೇ ಕಟ್ಟುತ್ತೀ, ಆದ್ದರಿಂದ ಅವರ ಲೀಗಲ್ ಒಪಿನಿಯನ್ ನಕಲನ್ನು ಕೇಳಿ ಇಸಕೋ.

ಇನ್ನು ಯಾರ ಹತ್ತಿರ ಹೋಗಬೇಕು? ಎಸ್‌ಬಿಎಚ್ (ಸ್ಟೇಟ್ ಬ್ಯಾಂಕ್ ಆಫ್ ಹೈದರಾಬಾದ್) ನಮ್ಮದೇ ಬ್ಯಾಂಕು ಅಂತ ಹಳಬರಿಗೆ ಇನ್ನೂ ಅಭಿಮಾನ. ಅದು 2017ರ ಏಪ್ರಿಲ್ 1ರಂದೇ ಎಸ್‌ಬಿಐಯಲ್ಲಿ ಸೇರಿಹೋಯಿತು. ಪರಿಚಯದ ಮೇಲೆ ಆರಿಸಬೇಡ, ಯಾವ ಕಾನೂನಿನ ಕೆಳಗಿದ್ದಾರೆ ಅಂತ ನೋಡು. ವಾಣಿಜ್ಯ ಬ್ಯಾಂಕುಗಳು 2019ರ ಅಕ್ಟೋಬರ್ 1ರಿಂದ ಕೊಡುವ ಫ್ಲೋಟಿಂಗ್, ಅಂದರೆ ಏರಿಳಿಯುವ ದರದ ಗೃಹಸಾಲದ ಬಡ್ಡಿಯನ್ನು ರೆಪೊದಂಥ (ರಿಸರ್ವ್ ಬ್ಯಾಂಕು ಬ್ಯಾಂಕುಗಳಿಗೆ ಸಾಲ ಕೊಡುವ ದರ) ಹೊರಗಿನ ದರಕ್ಕೆ ಜೋಡಿಸಲೇಬೇಕು, ಮೂರು ತಿಂಗಳಿಗೆ ಒಮ್ಮೆಯಾದರೂ ಅದನ್ನು ಪರಿಷ್ಕರಿಸಬೇಕು. ಹೌಸಿಂಗ್ ಫೈನಾನ್ಸ್ ಕಂಪನಿಗಳಿಗೆ ಈ ಕಟ್ಟು ಇಲ್ಲ. ತಮ್ಮದೇ ಮೂಲದರ ಇಟ್ಟುಕೊಳ್ಳುತ್ತಾರೆ. ರೆಪೊ ಇಳಿದರೂ ಹಳೇ ಗಿರಾಕಿಯ ಬಡ್ಡಿ ಬೇಗ ಇಳಿಯಲಿಕ್ಕಿಲ್ಲ. ಸಂಬಳದ ಚೀಟಿ ಇಲ್ಲದ ಅಂಗಡಿಯವರಿಗೆ ಅವರೇ ಗತಿ ಅನ್ನುವುದೂ ಖರೆ. ಆದರೆ ನೀನು ಸರ್ಕಾರಿ ಶಾಲೆಯ ಟೀಚರ್, ಸಂಬಳ ಬ್ಯಾಂಕಿಗೇ ಬರುತ್ತದೆ. ನಿನಗೆ ಆ ದಾರಿ ಬೇಕಿಲ್ಲ.

ಸೌಹಾರ್ದ ಸಹಕಾರಿಗಳ ಮಾತು ಬೇರೆ. ಬೋರ್ಡಿನ ಮೇಲೆ ಬ್ಯಾಂಕಿನ ಹಾಗೇ ಕಂಡರೂ ಬಹಳಷ್ಟಕ್ಕೆ ರಿಸರ್ವ್ ಬ್ಯಾಂಕಿನ ಲೈಸೆನ್ಸ್ ಇರುವುದಿಲ್ಲ, ಅಂಥಲ್ಲಿ ಜಗಳ ಬಂದರೆ ದೂರು ವಿಚಾರಿಸುವ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ದೂರು ಕೊಡಲಾಗದು. ಅಲ್ಲಿ ಬಡ್ಡಿ ಫ್ಲ್ಯಾಟೋ, ಬಾಕಿ ಉಳಿದ ಅಸಲಿನ ಮೇಲೋ ಅಂತ ಮೊದಲು ಕೇಳು. 8 ಪರ್ಸೆಂಟ್ ಫ್ಲ್ಯಾಟ್ ಅಂದರೆ ಕಿವಿಗೆ ಹಿತ. ಲೆಕ್ಕ ಹಾಕು: ಒಂದು ಲಕ್ಷಕ್ಕೆ ಹತ್ತು ವರ್ಷದಲ್ಲಿ 80,000 ಬಡ್ಡಿ, ತಿಂಗಳ ಕಂತು 1,500. ಅಸಲು ತಿಂಗಳು ತಿಂಗಳು ತೀರುತ್ತಿದ್ದರೂ ಬಡ್ಡಿ ಮಾತ್ರ ಪೂರ್ತಿ ಲಕ್ಷದ ಮೇಲೇ ಬೀಳುತ್ತದೆ. ಬ್ಯಾಂಕಿನ ರೀತಿಯಲ್ಲಿ ಎಣಿಸಿದರೆ ಅದು 13 ಪರ್ಸೆಂಟ್ ಆಗುತ್ತದೆ.

ನೀವು 25 ಲಕ್ಷ, 20 ವರ್ಷ ಅಂದುಕೊಂಡಿದ್ದೀರಿ. 8.5 ಪರ್ಸೆಂಟ್ ಬಡ್ಡಿಗೆ ಕಂತು 21,696, 10.5 ಆದರೆ 24,960. ತಿಂಗಳಿಗೆ ಮೂರು ಸಾವಿರದ ಚಿಲ್ಲರೆ ಅನ್ನಿಸುತ್ತದೆ, ಕೊನೆಗೆ 7.8 ಲಕ್ಷ. 8.5ರಲ್ಲೂ ಮೊದಲ ಕಂತಿನಲ್ಲಿ 17,708 ಬಡ್ಡಿಗೇ ಹೋಗಿ ಅಸಲಿಗೆ ಸೇರುವುದು 4,000ಕ್ಕೂ ಸ್ವಲ್ಪ ಕಡಿಮೆ. ಆದ್ದರಿಂದ ಕೈಗೆ ಅರಿಯರ್ಸ್ ಬಂದಾಗಲೆಲ್ಲ ಮೊದಲ ವರ್ಷಗಳಲ್ಲೇ ಅಸಲಿಗೆ ಹಾಕು. ಫ್ಲೋಟಿಂಗ್ ದರದ ಗೃಹಸಾಲಕ್ಕೆ ಮುಂಚಿತವಾಗಿ ಕಟ್ಟಿದರೆ ದಂಡ ಹಾಕುವಂತಿಲ್ಲ.

ಸಹಿಗೆ ಮುಂಚೆ ಕೀ ಫ್ಯಾಕ್ಟ್ಸ್ ಸ್ಟೇಟ್‌ಮೆಂಟ್ ಅಂತ ಒಂದು ಹಾಳೆ ಕೊಡಬೇಕು, 2024ರ ಅಕ್ಟೋಬರ್ 1ರಿಂದ ಕಡ್ಡಾಯ. ಅದರಲ್ಲಿ ಎಪಿಆರ್ ಅಂತ ಒಂದು ಅಂಕಿ ಇರುತ್ತದೆ: ಬಡ್ಡಿ, ಪ್ರೊಸೆಸಿಂಗ್ ಫೀಸು, ವಿಮೆ, ವಕೀಲ, ಎಂಜಿನಿಯರ್ ಎಲ್ಲ ಸೇರಿದ ವರ್ಷದ ವೆಚ್ಚ. ಎರಡು ಮೂರು ಕಡೆಯದ್ದನ್ನು ಪಕ್ಕಪಕ್ಕ ಇಟ್ಟು ಆ ಅಂಕಿಯನ್ನೇ ಹೋಲಿಸು. ಹಾಳೆಯಲ್ಲಿಲ್ಲದ ಖರ್ಚನ್ನು ನಿನ್ನ ಒಪ್ಪಿಗೆ ಇಲ್ಲದೆ ಆಮೇಲೆ ಹಾಕುವಂತಿಲ್ಲ. ಕನಿಷ್ಠ ಮೂರು ಕೆಲಸದ ದಿನ ಆ ಷರತ್ತುಗಳು ಊರ್ಜಿತ, "ಇವತ್ತೇ ಸಹಿ ಮಾಡ್ರಿ" ಅಂದರೆ ಮನೆಗೆ ಒಯ್ದು ಓದು.

ಆ ಹಾಳೆಯಲ್ಲಿ ವಿಮೆಯ ಸಾಲನ್ನು ಬೆರಳಿಟ್ಟು ಹುಡುಕು. ಸಾಲದ ವಿಮೆ ಅಂತ 80,000 ಪ್ರೀಮಿಯಂ ಒಂದೇ ಸಲಕ್ಕೆ ಅಸಲಿಗೆ ಸೇರಿಸಿದರು ಅನ್ನು. 8.5ರಂತೆ ತಿಂಗಳಿಗೆ 694 ಹೆಚ್ಚು, 20 ವರ್ಷಕ್ಕೆ ಆ 80,000ಕ್ಕೆ 1.67 ಲಕ್ಷ ಕಟ್ಟಿರುತ್ತೀ. ವಿಮೆ ಬೇಡ ಅನ್ನುತ್ತಿಲ್ಲ. ಬೇರೆಯಾಗಿ ಟರ್ಮ್ ಪಾಲಿಸಿ ಮಾಡಿಸು.

ಏಜೆಂಟನಿಗೆ ಆಧಾರ್, ಪ್ಯಾನ್ ಕೊಟ್ಟು ಸುಮ್ಮನಾಗಬೇಡ. ಒಂದೇ ವಾರದಲ್ಲಿ ನಾಲ್ಕು ಕಡೆ ಅರ್ಜಿ ಹಾಕಿಬಿಡುತ್ತಾನೆ, ಪ್ರತಿಯೊಂದು ವಿಚಾರಣೆಯೂ ಸಾಲದ ಚರಿತ್ರೆ ಇಡುವ ಸಿಬಿಲ್‌ನಲ್ಲಿ ದಾಖಲಾಗಿ ಸ್ಕೋರು ಇಳಿಯಬಹುದು. ವರ್ಷಕ್ಕೊಂದು ವರದಿ ಪುಕ್ಕಟೆ ಸಿಗುತ್ತದೆ, ಮೊದಲು ಅದನ್ನು ತೆಗೆದು ತಪ್ಪಿದ್ದರೆ ತಿದ್ದಿಸು. ಖಾಲಿ ಚೆಕ್ಕಿಗೆ ಸಹಿ ಬೇಡವೇ ಬೇಡ.

ಕೈಯಲ್ಲಿ ಎಷ್ಟು ಇರಬೇಕು ಅನ್ನುವುದರಲ್ಲಿ ಬಹಳ ಜನ ಮುಗ್ಗರಿಸುತ್ತಾರೆ. 30 ಲಕ್ಷದವರೆಗಿನ ಸಾಲಕ್ಕೆ ಮನೆ ಬೆಲೆಯ ಶೇ. 90, ಅದಕ್ಕಿಂತ ಮೇಲೆ 75 ಲಕ್ಷದವರೆಗೆ ಶೇ. 80, ಇದು ಮೇಲ್ಮಿತಿ. ಸ್ಟ್ಯಾಂಪ್ ಡ್ಯೂಟಿ, ನೋಂದಣಿ ಶುಲ್ಕ ನಿನ್ನ ಜೇಬಿನಿಂದಲೇ. ಮಾರುವವರು "ಡೀಡಿನಲ್ಲಿ ಕಡಿಮೆ ಬರೆಸೋಣ" ಅಂದರೆ ಒಪ್ಪಬೇಡ. ಸಾಮಾನ್ಯವಾಗಿ ಬ್ಯಾಂಕು ಡೀಡಿನ ಬೆಲೆ, ತನ್ನ ಎಂಜಿನಿಯರ್ ಕಟ್ಟಿದ ಬೆಲೆ, ಎರಡರಲ್ಲಿ ಕಡಿಮೆ ಇದ್ದುದನ್ನೇ ಹಿಡಿಯುತ್ತದೆ.

ಮೂಲ ಪತ್ರಗಳನ್ನು ಕೊಡುವಾಗ ಒಂದೊಂದರ ಹೆಸರು, ನೋಂದಣಿ ಸಂಖ್ಯೆ, ಪುಟಗಳ ಲೆಕ್ಕ ಬರೆದ ಪಟ್ಟಿಗೆ ಶಾಖೆಯ ಸೀಲು, ಸಹಿ ಹಾಕಿಸಿಕೋ. ಸಾಲ ಪೂರ್ತಿ ತೀರಿದ 30 ದಿನದೊಳಗೆ ಅವನ್ನು ಮರಳಿಸಬೇಕು, ಅವರ ಕಾರಣದಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ನಿನಗೆ ಬರಬೇಕು. ಈ ನಿಯಮ 2023ರ ಡಿಸೆಂಬರ್ 1ರಿಂದ ಬ್ಯಾಂಕು, ಹೌಸಿಂಗ್ ಫೈನಾನ್ಸ್ ಎರಡಕ್ಕೂ ಇದೆ. ಕಂತು ತೀರಿದ ಮೇಲೆ ಇಸಿಯಲ್ಲಿ ಕೂತ ಬ್ಯಾಂಕಿನ ಹೆಸರು ತಾನಾಗಿ ಅಳಿಯುವುದಿಲ್ಲ, ಬಿಡುಗಡೆ ಪತ್ರ ಸಬ್‌ರಿಜಿಸ್ಟ್ರಾರ್ ಹತ್ತಿರ ನೋಂದಾಯಿಸಬೇಕು.

ಮಾರುವವರ ಹತ್ತಿರ ಇರುವ ಎನ್‌ಎ ಆದೇಶ, ಲೇಔಟ್ ನಕ್ಷೆಯ ಫೋಟೋ ನನಗೆ ಕಳಿಸು. ಅದನ್ನು ನೋಡುವ ತನಕ ಅಳಿಯಂದಿರು ಮುಂಗಡ ಕೊಡದಿರಲಿ.

ಇಂತಿ,
ನಿನ್ನ ಕಾಕಾ