ಚಟ ಬಿಡಲು ಬಂದವರಿಗೆ ಕನ್ನಡ ಸಿಗಲಿ

ಮಾನ್ಯ ಸಂಪಾದಕರೇ,

ಕಳೆದ ತಿಂಗಳು ನೆರೆಮನೆಯ ಅಕ್ಕ ರಾತ್ರಿ ಎಂಟರ ಹೊತ್ತಿಗೆ ನಮ್ಮ ಮನೆಗೆ ಬಂದರು. ಸೆರಗಿನಡಿಯಿಂದ ಒಂದು ಸಣ್ಣ ಪ್ಲಾಸ್ಟಿಕ್ ಪೊಟ್ಟಣ ತೆಗೆದರು. ಒಳಗೆ ಕಲ್ಲುಪ್ಪಿನ ಹಾಗಿನ ಪುಡಿ. ಮಗನ ಪ್ಯಾಂಟ್ ಒಗೆಯುವಾಗ ಕಿಸೆಯಲ್ಲಿ ಸಿಕ್ಕಿದ್ದಂತೆ. "ಟೀಚರ್, ಡಾಕ್ಟರಿಗೆ ತೋರಿಸಿದರೆ ಅವರು ಪೊಲೀಸರಿಗೆ ಹೇಳ್ತಾರಾ?" ಅಂತ ಕೇಳಿದರು. ಈ ಹೆದರಿಕೆಯಲ್ಲೇ ಅವರು ನಾಲ್ಕು ತಿಂಗಳು ಸುಮ್ಮನಿದ್ದರು.

ಕಾನೂನು ಅಷ್ಟು ಕಠೋರವಲ್ಲ. ಮಾದಕ ವಸ್ತುಗಳ ಕುರಿತ 1985ರ ಎನ್‌ಡಿಪಿಎಸ್ ಕಾಯ್ದೆಯಲ್ಲಿ 64ಎ ಎಂಬ ಸೆಕ್ಷನ್ ಇದೆ. ಸೇವಿಸಿದ್ದಕ್ಕೋ, ಸಣ್ಣ ಪ್ರಮಾಣ ಇಟ್ಟುಕೊಂಡದ್ದಕ್ಕೋ ಕೇಸು ಬಿದ್ದ ವ್ಯಸನಿ ತಾನಾಗಿಯೇ ಸರಕಾರದ ಅಥವಾ ಸರಕಾರ ಒಪ್ಪಿದ ಆಸ್ಪತ್ರೆಗೆ ಹೋಗಿ ಚಿಕಿತ್ಸೆ ಪಡೆದರೆ ಅವನಿಗೆ ಶಿಕ್ಷೆಯಿಲ್ಲ. ಎಂಡಿಎಂಎ ಎಂಬ ರಾಸಾಯನಿಕ ಮಾದಕ ವಸ್ತುವಿಗೆ ಸಣ್ಣ ಪ್ರಮಾಣ ಅಂದರೆ ಅರ್ಧ ಗ್ರಾಂ. ಆದರೆ ಚಿಕಿತ್ಸೆ ಅರ್ಧಕ್ಕೆ ಬಿಟ್ಟರೆ ಈ ರಕ್ಷಣೆಯೂ ಹೋಗಬಹುದು. ಮಾರುವವರನ್ನು ಹಿಡಿಯಲಿ, ಅದರಲ್ಲಿ ಎರಡು ಮಾತಿಲ್ಲ. ಆದರೆ ಈ ಸೆಕ್ಷನ್ನಿನ ವಿಷಯ ನಮ್ಮೂರಿನ ಎಷ್ಟು ತಾಯಂದಿರಿಗೆ ಗೊತ್ತು?

ಚಿಕಿತ್ಸೆ ಪೂರ್ತಿಯಾಗಬೇಕಾದರೆ ಮಾತು ಬೇಕಲ್ವಾ? ಹುಡುಗನನ್ನು ಒಂದು ಆಸ್ಪತ್ರೆಗೆ ಕರೆದುಕೊಂಡು ಹೋದೆವು. ನಮ್ಮ ಕಾಸರಗೋಡು ಕೇರಳದಲ್ಲಿದೆ, ಹಾಗಾಗಿ ಅಲ್ಲಿ ಆಪ್ತಸಲಹೆ ನಡೆದದ್ದು ಮಲಯಾಳದಲ್ಲಿ. ಸಲಹೆಗಾರರು ಒಳ್ಳೆಯವರೇ, ಗದರಲಿಲ್ಲ. ಆದರೆ ಹುಡುಗ ಕನ್ನಡ ಮಾಧ್ಯಮದಲ್ಲಿ ಕಲಿತವನು, ಮನೆಯಲ್ಲಿ ತುಳು. ಪೇಟೆಯಲ್ಲಿ ಮೀನು ಕೊಳ್ಳುವಷ್ಟು ಮಲಯಾಳ ಬರುತ್ತದೆ, ಮನಸ್ಸಿನೊಳಗಿನದ್ದನ್ನು ಹೇಳುವಷ್ಟು ಬರುವುದಿಲ್ಲ. ನಾನೇ ನಡುವೆ ಕೂತು ಕನ್ನಡಕ್ಕೆ ತಂದೆ. ಐದನೇ ಕ್ಲಾಸಿನಲ್ಲಿ ಪಾಠ ಹೇಳಿದ ಟೀಚರಿನ ಎದುರು ಯಾವ ಹುಡುಗ ಎಲ್ಲವನ್ನೂ ಹೇಳುತ್ತಾನೆ? ಬೆರಳಿನ ಉಗುರು ಕಚ್ಚುತ್ತಾ ಅರ್ಧವೇ ಹೇಳಿದ.

ಈ ಚಟ ಒಂದೇ ಸಲಕ್ಕೆ ಬಿಡುವಂಥದ್ದಲ್ಲ. ಬಿಟ್ಟವ ಮತ್ತೆ ಹಿಡಿಯುತ್ತಾನೆ, ಮತ್ತೆ ಬರುತ್ತಾನೆ. ಅಂಥವನಿಗೆ ಬೈಗುಳಕ್ಕಿಂತ ಜಾಸ್ತಿ ಬೇಕಾದ್ದು ಕೇಳುವ ಕಿವಿ.

ಮಾದಕ ವ್ಯಸನದ ವಿರುದ್ಧ ಕೇರಳ ಸರಕಾರ 2016ರಲ್ಲಿ ಶುರುಮಾಡಿದ ವಿಮುಕ್ತಿ ಯೋಜನೆಯಡಿ 14405 ಎಂಬ ಉಚಿತ ಸಹಾಯವಾಣಿ ಇದೆ. ಅಲ್ಲಿ ಕನ್ನಡ ಬಲ್ಲವರು ಸದಾ ಇರಲಿ. ಮಂಜೇಶ್ವರ, ಕಾಸರಗೋಡು ತಾಲೂಕುಗಳ ಸರಕಾರಿ ಆಸ್ಪತ್ರೆಗಳಲ್ಲಿ ವಾರಕ್ಕೆರಡು ದಿನವಾದರೂ ಕನ್ನಡ, ತುಳು ಬಲ್ಲ ಆಪ್ತಸಲಹೆಗಾರರು ಕೂರಲಿ. 64ಎ ಸೆಕ್ಷನ್ ಏನು ಹೇಳುತ್ತದೆ ಅನ್ನುವುದನ್ನು ಪಂಚಾಯತ್ ಕಚೇರಿ, ಶಾಲೆಗಳಲ್ಲಿ ಕನ್ನಡದಲ್ಲಿ ಬರೆದು ಹಾಕಲಿ.

ಹುಡುಗ ಮುಂದಿನ ಸೋಮವಾರ ಮತ್ತೆ ಹೋಗಬೇಕು. ಬರುತ್ತೇನೆ ಅಂದಿದ್ದಾನೆ. ನನಗೆ ಬಾಗಿಲ ಹೊರಗೆ ಕೂರುವ ಆಸೆ. ಒಳಗೆ ಅವನ ಮಾತು ತಿಳಿಯುವವರೊಬ್ಬರು ಇದ್ದರೆ ಸಾಕು.

— ಒಬ್ಬ ನಿವೃತ್ತ ಶಿಕ್ಷಕಿ, ಬದಿಯಡ್ಕ