ಆಗ್ರಾಕ್ಕೆ ಹೊರಡುವ ಮುನ್ನ ಗಿರೀಶನಿಗೆ

ಪ್ರೀತಿಯ ಗಿರೀಶ,

ಕೊನೆಗೂ ಒಪ್ಪಿಗೆ ಬಂತು. ಆಗ್ರಾದಲ್ಲಿರುವ ವಾಯುಪಡೆಯ ಪ್ಯಾರಾಟ್ರೂಪರ್ಸ್ ತರಬೇತಿ ಶಾಲೆಗೆ ಹೋಗುತ್ತಿದ್ದೇನೆ. ಪ್ಯಾರಾಚೂಟ್ ಕಟ್ಟಿಕೊಂಡು ವಿಮಾನದಿಂದ ಐದು ಸಲ ಜಿಗಿಯಬೇಕು, ಅದರಲ್ಲೊಂದು ರಾತ್ರಿ ಹೊತ್ತು. ಐದೂ ಮುಗಿದರೆ ಸಮವಸ್ತ್ರದ ಮೇಲೆ ರೆಕ್ಕೆಯ ಬಿಲ್ಲೆ.

"ಧೋನಿ ಹೋಗಿದ್ದನಲ್ಲ, ಅಲ್ಲಿಗೇನೋ?" ಎಂದು ನೀನು ಕೇಳುತ್ತೀಯೆಂದು ಗೊತ್ತು. ಹೌದು, ಅಲ್ಲಿಗೇ. 2015ರ ಆಗಸ್ಟ್‌ನಲ್ಲಿ, ನಾನಿರುವ ಇದೇ ಟೆರಿಟೋರಿಯಲ್ ಆರ್ಮಿಯ, ಅಂದರೆ ಬೇರೆ ಉದ್ಯೋಗದಲ್ಲಿದ್ದುಕೊಂಡೇ ಸೇವೆ ಸಲ್ಲಿಸುವವರ ಸೇನೆಯ, ಗೌರವ ಲೆಫ್ಟಿನೆಂಟ್ ಕರ್ನಲ್ ಆಗಿ. ಗೌರವ ಪದವಿ ಸಿಕ್ಕವರು ಫೋಟೊ ತೆಗೆಸಿಕೊಂಡು ಸುಮ್ಮನಿದ್ದರೆ ಯಾರೂ ಏನೂ ಅನ್ನುವುದಿಲ್ಲ. ಆದರೆ ಧೋನಿ ಎಲ್ಲರ ಜೊತೆ ತರಬೇತಿ ಪಡೆದು, ಐದೂ ಜಿಗಿತ ಮುಗಿಸಿದರು. ಅವರ ಸಿಕ್ಸರ್‌ಗಳಿಗಿಂತ ನನಗೆ ಆ ಐದರ ಮೇಲೆಯೇ ಗೌರವ ಹೆಚ್ಚು.

ನನ್ನ ಕಥೆ ಬೇರೆ. ಸೇನೆಯ ಕಡೆಯಿಂದ ತೊಡಕೇ ಇರಲಿಲ್ಲ. ಕಮಾಂಡಿಂಗ್ ಆಫೀಸರ್ ಶಿಫಾರಸು ಮಾಡಿದರು. ವೈದ್ಯರು ಮಂಡಿ, ಕಣಕಾಲುಗಳನ್ನು ಒತ್ತಿ, ತಿರುಗಿಸಿ, ಕುಕ್ಕರಗಾಲಲ್ಲಿ ಕೂರಿಸಿ ಸಹಿ ಹಾಕಿದರು. ಅರ್ಜಿ ತಿಂಗಳುಗಟ್ಟಲೆ ಮಲಗಿದ್ದು ನಮ್ಮ ಕಚೇರಿಯಲ್ಲಿ. ಈ ಸೇನೆಯ ನಿಯಮವೇ ವಿಚಿತ್ರ ನೋಡು: ಸೇರಲು ಕೈಯಲ್ಲೊಂದು ಉದ್ಯೋಗವಿರಬೇಕು, ಆಮೇಲೆ ಆ ಉದ್ಯೋಗವನ್ನೇ ಕಾಡಿ ಬೇಡಿ ರಜೆ ಪಡೆಯಬೇಕು. ಸೇವೆಗೆ ಕರೆ ಬಂದು ಹೋದವರನ್ನು ಹಳೆಯ ಕೆಲಸಕ್ಕೆ ಮರಳಿ ತೆಗೆದುಕೊಳ್ಳಬೇಕೆಂದು 1948ರ ಕಾಯ್ದೆಯಲ್ಲಿದೆ. ಆದರೆ ನಾನಾಗಿಯೇ ಕೇಳಿಕೊಂಡ ಕೋರ್ಸಿಗೆ ಕಾಯ್ದೆ ಹಿಡಿದು ಜಗಳವಾಡಲು ಮನಸ್ಸು ಬರಲಿಲ್ಲ.

"ವರ್ಷಕ್ಕೊಮ್ಮೆ ಶಿಬಿರಕ್ಕೆ ಹೋಗುತ್ತೀರಿ, ಅದು ಸಾಲದೇ? ಈ ವಯಸ್ಸಿನಲ್ಲಿ ಹಾರುವುದೇಕೆ?" ಎಂದರು ಮ್ಯಾನೇಜರ್. ಕಾಲು ಮುರಿದರೆ ಲೆಕ್ಕಪತ್ರ ಯಾರು ನೋಡಬೇಕೆಂಬುದು ಅವರ ಚಿಂತೆ. ಅದೂ ನ್ಯಾಯವೇ. ಬದಲಿಗೆ ಒಬ್ಬ ಹುಡುಗನನ್ನು ತಯಾರು ಮಾಡಿ ಕೂರಿಸಿದ ಮೇಲೆ, ಒಂದು ಸಂಜೆ ತಲೆಯೆತ್ತದೆಯೇ ರುಜು ಹಾಕಿ ಕಡತ ನನ್ನ ಕಡೆ ತಳ್ಳಿದರು. ಅಮ್ಮನಿಗೆ ಹೇಳಿದ್ದು ಅದಾದ ಮೇಲೆ. ಆಕೆ ಎರಡು ದಿನ ಮಾತು ಬಿಟ್ಟರು, ಮೂರನೆಯ ದಿನ ಚಟ್ನಿಪುಡಿಗೆ ಬೇಳೆ ಹುರಿಯಲು ಶುರುಮಾಡಿದರು.

ಈಗ ದಿನವೂ ಬೆಳಿಗ್ಗೆ ಪಾರ್ಕಿನ ಕಟ್ಟೆಯಿಂದ ಮರಳಿನ ಮೇಲೆ ಹಾರಿ ಬೀಳುವುದೇ ಕೆಲಸ. ಬೀಳುವುದಕ್ಕೂ ಒಂದು ಕ್ರಮವಿದೆ. ಎರಡೂ ಪಾದ, ಎರಡೂ ಮಂಡಿ ಜೋಡಿಸಿ, ಗದ್ದವನ್ನು ಎದೆಗೆ ಒತ್ತಿಕೊಳ್ಳಬೇಕು. ಮೊದಲು ಪಾದದ ಮುಂಭಾಗ ನೆಲ ಮುಟ್ಟಬೇಕು, ಆಮೇಲೆ ಮೀನಖಂಡ, ತೊಡೆ, ಸೊಂಟ, ಬೆನ್ನಿನ ಪಕ್ಕ, ಹೀಗೆ ಉರುಳಿ ಏಟನ್ನು ಮೈಗೆಲ್ಲ ಹಂಚಬೇಕು. ನಿಂತುಕೊಂಡೇ ಇಳಿಯುತ್ತೇನೆಂದು ಹೊರಟರೆ ಮೂಳೆಗೆ ಕುತ್ತು. ವಾಕಿಂಗ್ ಬರುವ ಹಿರಿಯರೊಬ್ಬರು ಮೊದಲ ದಿನ ಓಡಿಬಂದು ಎಬ್ಬಿಸಿದರು. ಈಗ "ಇವತ್ತು ಸೊಂಟ ತಡವಾಯಿತು" ಎಂದು ತಿದ್ದುತ್ತಾರೆ!

ಭಯವಿಲ್ಲವೇ ಎಂದರೆ, ಇದೆ. ಜಿಗಿಯಲು ಹಸಿರು ದೀಪ ಹತ್ತಿದಾಗ ಬಾಗಿಲಲ್ಲಿ ಕಾಲು ಕಚ್ಚಿಕೊಂಡರೆ ಹಿಂದೆ ಸಾಲುಗಟ್ಟಿ ನಿಂತವರ ಮುಂದೆ ಮಾನ ಹೋಗುತ್ತದಲ್ಲ, ಆ ಭಯ. ಪ್ಯಾರಾಚೂಟಿನ ಕೊಡೆ ಬಿಚ್ಚುವ ಚಿಂತೆಯೇನೂ ಇಲ್ಲ. ವಿಮಾನಕ್ಕೆ ಕೊಕ್ಕೆ ಹಾಕಿದ ಪಟ್ಟಿ ಅದನ್ನು ತಾನೇ ಎಳೆಯುತ್ತದೆ, ತುರ್ತಿಗೆಂದು ಎದೆಯ ಮೇಲೆ ಇನ್ನೊಂದು ಕೊಡೆ ಇರುತ್ತದೆ.

ಒಂದೇ ಬೇಸರ. ಕೋರ್ಸು ನಿನ್ನ ತಂಗಿಯ ಮದುವೆಯ ವಾರಕ್ಕೇ ಬಿದ್ದಿದೆ. ಊಟದ ಪಂಕ್ತಿಯ ಉಸ್ತುವಾರಿ ನನ್ನದೆಂದು ಅಪ್ಪಾಜಿಗೆ ಮಾತು ಕೊಟ್ಟಿದ್ದೆ. ಅವರಿಗೆ ನೀನೇ ತಿಳಿಸಿ ಹೇಳು, ಅಡುಗೆಯವರ ಮುಂಗಡವನ್ನು ನಾನು ಈ ವಾರವೇ ಕಳುಹಿಸುತ್ತೇನೆ.

ಇಂತಿ ನಿನ್ನ,
ಪ್ರಕಾಶ