ನಮ್ಮ ಫರ್ನೇಸ್ ಆರದಂತೆ ನೋಡಿಕೊಂಡವರಿಗೆ

ಕಬ್ಬಿಣ ಕರಗಿಸಿ ಅಚ್ಚಿಗೆ ಎರೆಯುವ ಹರಿಹರದ ನಮ್ಮ ಫೌಂಡ್ರಿಯ ಕರೆಂಟ್ ಬಿಲ್ ಬಾಕಿಯ ಕೊನೆಯ ಕಂತು ಮೊನ್ನೆ ಕಟ್ಟಿ ಮುಗಿಸಿದೆವು. ಈಗ ಎಲ್ಲರಿಗೂ ಥ್ಯಾಂಕ್ಸ್ ಹೇಳದೆ ಬೇರೆ ಕೆಲಸಕ್ಕೆ ಕೈ ಹಾಕಲು ಮನಸ್ಸಿಲ್ಲ.

ಹೊರಗಿನವರಿಗೆ ಒಂದು ಲೆಕ್ಕ ಹೇಳಬೇಕು. ಇಂಡಕ್ಷನ್ ಫರ್ನೇಸ್‌ನಲ್ಲಿ, ಅಂದರೆ ಕರೆಂಟ್‌ನಿಂದ ಲೋಹ ಕರಗಿಸುವ ಕುಲುಮೆಯಲ್ಲಿ, ಒಂದು ಟನ್ ಬೀಡು ಕಬ್ಬಿಣ ಕರಗಿಸಲು ಸುಮಾರು 600 ಯೂನಿಟ್ ಬೇಕು. 2023ರ ಮೇ ತಿಂಗಳಲ್ಲಿ ದರ ಯೂನಿಟ್‌ಗೆ ಸರಾಸರಿ 70 ಪೈಸೆ ಏರಿತು, ಅದೂ ಏಪ್ರಿಲ್‌ನಿಂದಲೇ ಲೆಕ್ಕ. ಕೇಳಲು ಸಣ್ಣದು. ನಮಗೆ ಟನ್‌ಗೆ 400 ರೂಪಾಯಿ ದಾಟುತ್ತದೆ. ಆರ್ಡರ್ ದರ ಮಾತ್ರ ವರ್ಷದ ಮೊದಲೇ ಒಪ್ಪಿ ಆಗಿರುತ್ತದೆ. ಕೆಲಸ ಕಡಿಮೆ ಮಾಡಿ ಉಳಿಸೋಣ ಅಂದರೆ ಡಿಮ್ಯಾಂಡ್ ಚಾರ್ಜ್, ಅಂದರೆ ಪಡೆದ ಲೋಡ್‌ಗೆ ತಿಂಗಳೂ ಕಟ್ಟುವ ಶುಲ್ಕ, ಬಿಡುವುದಿಲ್ಲ. ಫರ್ನೇಸ್ ಸುಮ್ನೆ ನಿಂತಿದ್ದರೂ ಕಟ್ಟಲೇಬೇಕು.

ಮೊದಲ ನಮಸ್ಕಾರ ಅಚ್ಚು ಮಾಡುವ ಮೋಲ್ಡಿಂಗ್, ಲೋಹ ಕರಗಿಸುವ ಮೆಲ್ಟಿಂಗ್ ಅಣ್ಣಂದಿರಿಗೆ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಕರೆಂಟ್ ಅಗ್ಗವಿತ್ತು, ಸಂಜೆ 6ರಿಂದ 10 ದುಬಾರಿಯಿತ್ತು. ಹಾಗಾಗಿ ಮೆಲ್ಟಿಂಗ್ ಪೂರ್ತಿ ರಾತ್ರಿಗೆ ಹಾಕಿದೆವು. ನೀವು ಒಬ್ಬರೂ ಬಿಟ್ಟು ಹೋಗಲಿಲ್ಲ. ಹಗಲು ನಿಮ್ಮ ನಿದ್ದೆ ಕೆಡಬಾರದೆಂದು ಮಕ್ಕಳನ್ನು ಪಕ್ಕದ ಮನೆಗೆ ಕಳಿಸಿದ ಅಕ್ಕಂದಿರಿಗೂ ನಾವು ಋಣಿ.

ನಮ್ಮ ಎಲೆಕ್ಟ್ರಿಕಲ್ ಅಜ್ಜನ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳಬೇಕು. ನಮ್ಮೂರಿನ ಯಂತ್ರೋಪಕರಣ ಕಾರ್ಖಾನೆ ಮೈಸೂರು ಕಿರ್ಲೋಸ್ಕರ್‌ನಲ್ಲಿ ಪಳಗಿದ ಕೈ. 1941ರಲ್ಲಿ ಶುರುವಾದ ಆ ಕಾರ್ಖಾನೆ ಮುಚ್ಚಿದರೂ ಅಲ್ಲಿ ಕಲಿತವರು ಊರಲ್ಲೇ ಉಳಿದರು. ಅದೇ ನಮ್ಮ ಪುಣ್ಯ. ಕರೆದ ಕೂಡಲೇ ಬಂದ ಅಜ್ಜ, ಫರ್ನೇಸ್‌ನಿಂದ ಸ್ವಲ್ಪ ದೂರ ಸ್ಟೂಲ್ ಹಾಕಿಕೊಂಡು ರಾತ್ರಿಯಿಡೀ ಮೀಟರ್ ನೋಡುತ್ತಾ ಕೂತರು. ಕಬ್ಬಿಣ ಕರಗಿ 1400 ಡಿಗ್ರಿ ದಾಟಿದೆ, ಮುಚ್ಚಳ ತೆರೆದೇ ಇದೆ, ಆ ಕಡೆ ಅಚ್ಚು ಇನ್ನೂ ಮುಗಿದಿಲ್ಲ. ಕಾವು ಹಿಡಿದಿಡಲು ಮತ್ತೆ ಮತ್ತೆ ಕರೆಂಟ್. "ಲೋಹಕ್ಕಿಂತ ಮೊದಲು ಅಚ್ಚು ರೆಡಿ ಇರಬೇಕು ತಮ್ಮಾ" ಅಂದರು. ಹಳೇ ಶೀಟ್‌ಗೆ ಒಳಗಿನಿಂದ ಕಾವು ತಡೆಯುವ ಪದರ ಹಚ್ಚಿ, ಚೈನ್ ಎಳೆದರೆ ಸರಿಯುವ ಮುಚ್ಚಳ ತಾವೇ ಮಾಡಿಕೊಟ್ಟರು. ತುಕ್ಕು, ಮಣ್ಣು ಹತ್ತಿದ ಸ್ಕ್ರ್ಯಾಪ್ ಹಾಗೇ ಹಾಕುವುದನ್ನು ನಿಲ್ಲಿಸಿದರು. ಕಸ ಕರಗಿಸಲೂ ಕರೆಂಟ್ ಬೇಕಲ್ವಾ? ಕೆಟ್ಟ ಕ್ಯಾಪಾಸಿಟರ್ ಬದಲಾಯಿಸಿದ ಮೇಲೆ ಪವರ್ ಫ್ಯಾಕ್ಟರ್ ದಂಡವೂ (ಪಡೆದ ಕರೆಂಟ್ ಪೂರ್ತಿ ಕೆಲಸಕ್ಕೆ ಬಾರದಿದ್ದರೆ ಹಾಕುವ ದಂಡ) ನಿಂತಿತು. ಸಂಬಳ ಕೊಡಲು ಹೋದರೆ ಬಸ್ ಚಾರ್ಜ್ ಮಾತ್ರ ತಗೊಂಡರು.

ದುಡ್ಡಿಗೆ ಅವಸರ ಮಾಡದ ಸ್ಕ್ರ್ಯಾಪ್ ಅಂಗಡಿಯವರಿಗೆ, ವರ್ಷದ ನಡುವೆ ದರ ಏರಿಸಿಕೊಟ್ಟ ದಾವಣಗೆರೆಯ ಪಂಪ್ ತಯಾರಕರಿಗೆ, ನಡುರಾತ್ರಿ ಮಂಡಕ್ಕಿ, ಮಿರ್ಚಿ, ಚಹಾ ತಂದುಕೊಟ್ಟ ಕ್ಯಾಂಟೀನ್ ಅಕ್ಕನಿಗೆ ತುಂಬು ಮನಸ್ಸಿನ ಧನ್ಯವಾದ.

ದರ ನಿಗದಿ ಮಾಡುವವರಲ್ಲಿ ಒಂದೇ ಕೋರಿಕೆ. ಏರಿಸಲೇಬೇಕಿದ್ದರೆ ಮೊದಲೇ ತಿಳಿಸಿ, ಹಿಂದಿನ ತಿಂಗಳಿಗೆ ಅನ್ವಯಿಸಬೇಡಿ. ಮಾರಿ ಹೋದ ಮಾಲಿಗೆ ಈಗ ಯಾರ ಹತ್ತಿರ ದುಡ್ಡು ಕೇಳೋದು?

ಈ ತಿಂಗಳಿಂದ ರಾತ್ರಿ ಪಾಳಿಯ ಭತ್ಯೆ ಹೆಚ್ಚಿಸಿದ್ದೇವೆ. ಆಯುಧ ಪೂಜೆಗೆ ಎಲ್ಲರೂ ಮನೆಮಂದಿ ಸಮೇತ ಬನ್ನಿ. ಊಟ ಫೌಂಡ್ರಿಯಲ್ಲೇ. ಪೂಜೆಗೆ ಅಜ್ಜನೇ ಕೂರಬೇಕು ಅಂತ ಎಲ್ಲರೂ ಸೇರಿ ತೀರ್ಮಾನಿಸಿದ್ದೇವೆ.